ಭುಜದ ಆಪರೇಷನ್ ಆದ ಮೇಲೆ: ನೋವಿನ ಮಾತ್ರೆಗಳನ್ನು ಜೊತೆಯಾಗಿ ತೆಗೆದುಕೊಂಡ ಅನುಭವ

ಆಪರೇಷನ್‌ಗಿಂತ ಅದರ ನಂತರದ ನೋವಿಗೇ ನಾನು ಜಾಸ್ತಿ ಹೆದರಿದ್ದೆ. ಈಗ ಆ ದಿನಗಳು ಮುಗಿದಿವೆ. ಕೈಗೆ ಹಾಕಿದ್ದ ಜೋಳಿಗೆ ಪಟ್ಟಿ ಬಿಚ್ಚಿದ್ದಾರೆ, ರಾತ್ರಿ ನಿದ್ದೆ ಬರುತ್ತಿದೆ. ಎಲ್ಲ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ.

ಇಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಮಾತ್ರೆಗಳ ವಿಷಯ. ಈಗ ಆಪರೇಷನ್ ಆದವರಿಗೆ ಒಂದೇ ನೋವಿನ ಮಾತ್ರೆ ಕೊಟ್ಟು ಕಳಿಸುವುದಿಲ್ಲ. ಎರಡು, ಮೂರು ಬಗೆಯದನ್ನು ಸೇರಿಸಿ ಕೊಡುತ್ತಾರೆ. ಯಾಕೆ ಸೇರಿಸುತ್ತಾರೆ, ಯಾವುದರ ಜೊತೆ ಯಾವುದು ಸೇರಬಾರದು, ಯಾವುದನ್ನು ಮೊದಲು ನಿಲ್ಲಿಸಬೇಕು ಎಂಬುದನ್ನು ನಾನು ಒಬ್ಬೊಬ್ಬರ ಬಾಯಿಂದ ಒಂದೊಂದು ಚೂರು ಕೇಳಿ ತಿಳಿದುಕೊಂಡೆ. ನಿಮಗಾದರೂ ಅದು ಒಂದೇ ಕಡೆ ಸಿಗಲಿ. ನಾನು ಡಾಕ್ಟರಲ್ಲ. ಇಲ್ಲಿರುವ ಡೋಸ್‌ಗಳೆಲ್ಲ ದೊಡ್ಡವರಿಗೆ ಸಂಬಂಧಿಸಿದವು, ಅದರಲ್ಲೂ ನನಗೆ ಬರೆದುಕೊಟ್ಟವು. ನಿಮ್ಮದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ನನಗೆ ರೊಟೇಟರ್ ಕಫ್ ಹರಿದಿತ್ತು. ಭುಜದ ಸ್ನಾಯುವನ್ನು ತೋಳಿನ ಮೂಳೆಗೆ ಹಿಡಿದಿಡುವ ನಾರು ಕಿತ್ತು ಬಂದಿತ್ತು. ಸಣ್ಣ ತೂತುಗಳನ್ನು ಮಾಡಿ, ಕ್ಯಾಮೆರಾ ಒಳಗೆ ಬಿಟ್ಟು, ಆ ನಾರನ್ನು ಮತ್ತೆ ಮೂಳೆಗೆ ಹೊಲಿಯುತ್ತಾರೆ. ಹೊರಗೆ ಕಾಣುವ ಗಾಯ ಚಿಕ್ಕದು. ಆದರೆ ಒಳಗೆ ಮೂಳೆಗೆ ಆಣಿ ಕೂರಿಸಿರುತ್ತಾರೆ. ಹಾಗಾಗಿ ಗಾಯ ನೋಡಿ ನೋವನ್ನು ಅಳೆಯೋಕೆ ಹೋಗಬೇಡಿ.

ಆಪರೇಷನ್‌ಗೆ ಕೆಲವು ದಿನ ಮೊದಲು ಅರಿವಳಿಕೆ ಡಾಕ್ಟರನ್ನು ನೋಡಬೇಕು ಅಂದರು. ಅವರ ಕೋಣೆಯ ಮುಂದೆ ಅರ್ಧ ದಿನ ಕಾದೆ. ಸಹಿ ಹಾಕಿಸಿಕೊಳ್ಳೋಕೆ ಕರೆದಿರಬೇಕು ಅಂದುಕೊಂಡಿದ್ದೆ. ಆದರೆ ಇಡೀ ಪ್ರಯಾಣದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಭೇಟಿ. ಅವರು ಕೇಳಿದ ಮೊದಲ ಪ್ರಶ್ನೆ, "ದಿನಾ ಏನೇನು ಮಾತ್ರೆ ತಗೋತೀರಿ?" ನಾನು ಬಿಪಿ ಮಾತ್ರೆಯ ಸ್ಟ್ರಿಪ್ ತೆಗೆದು ತೋರಿಸಿದೆ. ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಿಯಾಜೈಡ್ ಸೇರಿದ್ದ ಮಾತ್ರೆ ಅದು. ಅವರು ಅದನ್ನು ನೋಡಿ ಏನೋ ಬರೆದುಕೊಂಡರು. ಅದರ ಕಥೆ ಮುಂದೆ ಬರುತ್ತದೆ.

ಈ ಭೇಟಿಗೆ ಹೋಗುವಾಗ ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಒಯ್ಯಿರಿ. ಹೆಸರು ಬಾಯಲ್ಲಿ ಹೇಳಿದರೆ ಸಾಲದು. ರಕ್ತ ತೆಳು ಮಾಡುವ ಮಾತ್ರೆ, ನಿದ್ದೆ ಮಾತ್ರೆ, ಖಿನ್ನತೆಯ ಮಾತ್ರೆ, ಫಿಟ್ಸ್ ಮಾತ್ರೆ ಇದ್ದರೆ ಮುಚ್ಚಿಡಲೇಬೇಡಿ. ಆಸ್ತಮಾ, ಹೊಟ್ಟೆ ಹುಣ್ಣು, ಕಿಡ್ನಿ ಅಥವಾ ಲಿವರ್ ತೊಂದರೆ, ಮಲಗಿದಾಗ ಉಸಿರು ನಿಂತು ನಿಂತು ಬರುವ ಗೊರಕೆ, ಮದ್ಯ ಕುಡಿಯುವ ಅಭ್ಯಾಸ, ಇವೆಲ್ಲವೂ ನೋವಿನ ಮಾತ್ರೆಯ ಆಯ್ಕೆಯನ್ನು ಬದಲಿಸುತ್ತವೆ.

ಆ ಡಾಕ್ಟರು ವಿವರಿಸಿದ್ದು ನನಗೆ ಇನ್ನೂ ಕಿವಿಯಲ್ಲಿದೆ. "ನೋವು ಒಂದೇ ದಾರಿಯಲ್ಲಿ ಬರಲ್ಲ. ಮನೆಗೆ ಮೂರು ಬಾಗಿಲಿದ್ದು ಒಂದಕ್ಕೆ ಮಾತ್ರ ಬೀಗ ಹಾಕಿದರೆ ಏನು ಪ್ರಯೋಜನ ಹೇಳಿ? ನಾವು ಮೂರಕ್ಕೂ ಸ್ವಲ್ಪ ಸ್ವಲ್ಪ ತಡೆ ಹಾಕ್ತೀವಿ." ಗಾಯವಾದ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಹುಟ್ಟಿ ಅಲ್ಲಿನ ನರಗಳನ್ನು ಕೆರಳಿಸುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದವು ಅದು ಹುಟ್ಟದಂತೆ ತಡೆಯುತ್ತವೆ. ಆಸ್ಪಿರಿನ್ ಜಾತಿಯ ಮಾತ್ರೆಗಳು ಕೆಲಸ ಮಾಡುವುದು ಹೀಗೆ ಎಂದು 1971ರಲ್ಲಿ ಜಾನ್ ವೇನ್ ತೋರಿಸಿಕೊಟ್ಟರು. ಪ್ಯಾರಸಿಟಮಾಲ್ ಮುಖ್ಯವಾಗಿ ಮೆದುಳು ಮತ್ತು ಬೆನ್ನುಹುರಿಯ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಟ್ರಮಡಾಲ್, ಮಾರ್ಫಿನ್ ಥರದ ಓಪಿಯಾಯ್ಡ್‌ಗಳು ನೋವಿನ ಸುದ್ದಿ ಮೆದುಳಿಗೆ ತಲುಪುವುದನ್ನೇ ಕುಗ್ಗಿಸುತ್ತವೆ. ಇನ್ನು ನರ್ವ್ ಬ್ಲಾಕ್ ಅಂದರೆ, ಕೈಗೆ ಹೋಗುವ ನರಗಳ ಸುತ್ತ ಇಂಜೆಕ್ಷನ್ ಕೊಟ್ಟು ಆ ದಾರಿಯನ್ನೇ ಕೆಲವು ಗಂಟೆ ಮುಚ್ಚಿಬಿಡುವುದು.

ಹೀಗೆ ಬೇರೆ ಬೇರೆ ಕಡೆ ಕೆಲಸ ಮಾಡುವವನ್ನು ಸೇರಿಸಿದರೆ ಒಂದೊಂದರ ಡೋಸ್ ಕಡಿಮೆ ಸಾಕು. ಓಪಿಯಾಯ್ಡ್ ಅಂತೂ ತುಂಬ ಕಡಿಮೆ ಬೇಕಾಗುತ್ತದೆ. ವಾಂತಿ, ಮಂಪರು, ಮಲಬದ್ಧತೆ ಕೂಡ ಅಷ್ಟರಮಟ್ಟಿಗೆ ತಗ್ಗುತ್ತವೆ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ ಮತ್ತು ಅವರ ಜೊತೆಗಾರ ಡಾಲ್ 1993ರಲ್ಲಿ ಈ ಬಗ್ಗೆ ಬರೆದ ಲೇಖನದ ನಂತರ ಈ ಪದ್ಧತಿಗೆ ಮಲ್ಟಿಮೋಡಲ್ ಎಂಬ ಹೆಸರು ಗಟ್ಟಿಯಾಯಿತು. ನಿಮ್ಮ ಡಾಕ್ಟರು ಆ ಪದ ಬಳಸಿದರೆ ಗಾಬರಿಯಾಗಬೇಡಿ. ಹಲವು ಬಗೆಯ ಔಷಧಿ ಸೇರಿಸಿ ಕೊಡುವುದು, ಅಷ್ಟೇ.

ಆಪರೇಷನ್ ದಿನ ಕುತ್ತಿಗೆಯ ಬುಡದಲ್ಲಿ, ಸ್ಕ್ಯಾನ್ ನೋಡಿಕೊಂಡು, ಬ್ಲಾಕ್ ಕೊಟ್ಟರು. ಚುಚ್ಚಿದ್ದು ಅಷ್ಟೇನೂ ನೋಯಲಿಲ್ಲ. ಆಮೇಲೆ ಪೂರ್ತಿ ಅರಿವಳಿಕೆ. ಎಚ್ಚರವಾದಾಗ ಭುಜದಲ್ಲಿ ನೋವೇ ಇಲ್ಲ. ಕೈ ನನ್ನದೇ ಅಲ್ಲವೇನೋ ಅನ್ನುವಂತೆ ಜೋತುಬಿದ್ದಿತ್ತು. ದನಿ ಕೂಡ ಗೊಗ್ಗರಾಗಿತ್ತು, ಒಂದು ಕಣ್ಣಿನ ರೆಪ್ಪೆ ಇಳಿಬಿದ್ದಿತ್ತು, ದೀರ್ಘವಾಗಿ ಉಸಿರೆಳೆದರೆ ಎದೆ ಪೂರ್ತಿ ತುಂಬುತ್ತಿಲ್ಲ ಅನ್ನಿಸುತ್ತಿತ್ತು. ಅಕ್ಕ ನನ್ನ ಮುಖ ನೋಡಿ ಲಕ್ವ ಹೊಡೆದಿದೆ ಅಂತಲೇ ಹೆದರಿ ನರ್ಸನ್ನು ಕರೆದುಕೊಂಡು ಬಂದಳು. ಇದು ಈ ಜಾಗದ ಬ್ಲಾಕ್‌ನಲ್ಲಿ ಆಗುವುದೇ ಅಂತೆ. ಅಕ್ಕಪಕ್ಕದ ನರಗಳಿಗೂ ಔಷಧಿ ತಗಲುತ್ತದೆ, ಬ್ಲಾಕ್ ಇಳಿದಾಗ ಇದೂ ಹೋಗುತ್ತದೆ. ಮೊದಲೇ ಗೊತ್ತಿದ್ದರೆ ಅಕ್ಕನಿಗೆ ಆ ಭಯ ತಪ್ಪುತ್ತಿತ್ತು. ನಿಮ್ಮ ಜೊತೆ ಬರುವವರಿಗೆ ಇದನ್ನು ಹೇಳಿಟ್ಟಿರಿ. ಆದರೆ ಉಸಿರಾಟ ನಿಜಕ್ಕೂ ಕಷ್ಟವಾದರೆ ಸುಮ್ನೆ ಕಾಯಬೇಡಿ, ಕೂಡಲೇ ಹೇಳಿ.

ರಿಕವರಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಸೊನ್ನೆಯಿಂದ ಹತ್ತರವರೆಗೆ ಹೇಳಿ, ನೋವು ಎಷ್ಟಿದೆ?" ನನ್ನ ಪಕ್ಕದ ಹಾಸಿಗೆಯಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆದ ಹಿರಿಯರಿದ್ದರು. ಅವರ ಕೈಯಲ್ಲಿ ಒಂದು ಗುಂಡಿ ಇತ್ತು. ಒತ್ತಿದರೆ ಪಂಪಿನಿಂದ ಸ್ವಲ್ಪ ಮಾರ್ಫಿನ್ ರಕ್ತಕ್ಕೆ ಹೋಗುತ್ತದೆ. ಒಮ್ಮೆ ಒತ್ತಿದ ಮೇಲೆ ಕೆಲವು ನಿಮಿಷ ಎಷ್ಟು ಒತ್ತಿದರೂ ಬರುವುದಿಲ್ಲ. ಅವರ ಮಗ ಪ್ರೀತಿಯಿಂದ, "ಅಪ್ಪ ಮಲಗಿದ್ದಾರೆ, ನಾನೇ ಒತ್ತಲಾ?" ಅಂತ ಕೇಳಿದ. ನರ್ಸ್ ಖಡಾಖಂಡಿತವಾಗಿ ಬೇಡ ಅಂದರು. ಮಂಪರು ಜಾಸ್ತಿಯಾದವರು ತಾವಾಗಿ ಒತ್ತುವುದಿಲ್ಲ. ಅದೇ ಆ ಪಂಪಿನ ರಕ್ಷಣೆ. ಬೇರೆಯವರು ಒತ್ತಿದರೆ ಉಸಿರಾಟವೇ ನಿಧಾನವಾಗಿಬಿಡಬಹುದು. ಮನೆಯವರು ಇದನ್ನು ಖಂಡಿತ ನೆನಪಿಡಬೇಕು.

ನಂಬರ್ ಹೇಳುವಾಗ ಸಂಕೋಚ ಬೇಡ. ಸಹಿಸಿಕೊಂಡರೆ ಒಳ್ಳೆಯದು ಅನ್ನುವ ಭಾವನೆ ನಮ್ಮಲ್ಲಿ ತುಂಬ ಜನಕ್ಕಿದೆ. ನೋವಿದ್ದರೆ ಆಳವಾಗಿ ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ, ಎದ್ದು ಓಡಾಡುವುದಿಲ್ಲ. ಅದರಿಂದ ಎದೆಯಲ್ಲಿ ಕಫ ಕಟ್ಟುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಎಲ್ಲ ಬರುತ್ತವೆ. ಹಾಗಂತ ನೋವು ಸೊನ್ನೆಗೆ ಇಳಿಯಬೇಕು ಅಂತಲೂ ಆಸೆ ಇಟ್ಟುಕೊಳ್ಳಬಾರದು. ಎದ್ದು ಓಡಾಡೋಕೆ, ನಿದ್ದೆ ಮಾಡೋಕೆ, ಹೇಳಿದ ವ್ಯಾಯಾಮ ಮಾಡೋಕೆ ಆಗುವಷ್ಟು ಇಳಿದರೆ ಸಾಕು ಎಂದು ಡಾಕ್ಟರು ಹೇಳಿದ್ದರು. ಆ ಗುರಿ ಇಟ್ಟುಕೊಂಡ ಮೇಲೆ ನನ್ನ ಮನಸ್ಸೂ ಹಗುರವಾಯಿತು.

ಡಿಸ್ಚಾರ್ಜ್ ದಿನವೇ ನಿಜವಾದ ಗೊಂದಲ ಶುರುವಾದದ್ದು. ಕಾಗದಕ್ಕೆ ಕಾದು ಕಾದು ಸಾಕಾಯಿತು. ಕೊನೆಗೆ ಕೈಗೆ ಬಂದದ್ದು ಎರಡು ಪಟ್ಟಿ. ಒಂದು ಸರ್ಜನ್ ಕಡೆಯಿಂದ, ಇನ್ನೊಂದು ನೋವಿನ ವಿಭಾಗದವರಿಂದ. ಎರಡರಲ್ಲೂ ಬ್ರ್ಯಾಂಡ್ ಹೆಸರುಗಳೇ. ಔಷಧಿ ಅಂಗಡಿಯಲ್ಲಿ ಆ ಬ್ರ್ಯಾಂಡ್‌ಗಳು ಇರಲಿಲ್ಲ, ಅದೇ ಸಾಲ್ಟ್ ಇರುವ ಬೇರೆಯವು ಇದ್ದವು. ಬೆಲೆಯೂ ಕಡಿಮೆಯೇ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಫಾರ್ಮಸಿಸ್ಟ್ ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟುಕೊಂಡು, ಪೆನ್ನು ತೆಗೆದು ಪ್ರತಿ ಹೆಸರಿನ ಮುಂದೆ ಒಳಗಿರುವ ಔಷಧಿಯ ಹೆಸರು ಬರೆಯತೊಡಗಿದರು. ಆಗ ಬಯಲಾಯಿತು.

ಸರ್ಜನ್ ಪಟ್ಟಿಯಲ್ಲಿ ಪ್ಯಾರಸಿಟಮಾಲ್ 650 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ, ಡೈಕ್ಲೋಫೆನಾಕ್ 50 ದಿನಕ್ಕೆ ಎರಡು ಸಲ. ಇನ್ನೊಂದು ಪಟ್ಟಿಯಲ್ಲಿ ಅಸಿಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಸೇರಿದ ಮಾತ್ರೆ ಎರಡು ಸಲ, ಜೊತೆಗೆ ಟ್ರಮಡಾಲ್ 37.5 ಮತ್ತು ಪ್ಯಾರಸಿಟಮಾಲ್ 325 ಸೇರಿದ ಮಾತ್ರೆ, ನೋವು ತಡೆಯದಿದ್ದರೆ ಮೂರರವರೆಗೆ. ಮೇಲ್ನೋಟಕ್ಕೆ ನಾಲ್ಕೂ ಬೇರೆ ಬೇರೆ ಮಾತ್ರೆ. ಒಳಗೆ ನೋಡಿದರೆ ಡೈಕ್ಲೋಫೆನಾಕ್ ಮತ್ತು ಅಸಿಕ್ಲೋಫೆನಾಕ್ ಒಂದೇ ಗುಂಪಿನವು. ಎರಡನ್ನೂ ತೆಗೆದುಕೊಂಡರೆ ನೋವು ಇನ್ನಷ್ಟು ಇಳಿಯುವುದಿಲ್ಲ. ಹೊಟ್ಟೆಯಲ್ಲಿ ರಕ್ತಸ್ರಾವ, ಕಿಡ್ನಿ ತೊಂದರೆಯ ಅಪಾಯ ಮಾತ್ರ ಜಾಸ್ತಿಯಾಗುತ್ತದೆ. ಪ್ಯಾರಸಿಟಮಾಲ್ ಲೆಕ್ಕವಂತೂ ಕಣ್ಣು ತೆರೆಸುವಂತಿತ್ತು. ನಾಲ್ಕು ಸಲ 650 ಅಂದರೆ 2600. ಅಸಿಕ್ಲೋಫೆನಾಕ್ ಮಾತ್ರೆಯಲ್ಲಿರುವ 325 ಎರಡು ಸಲ, 650. ಟ್ರಮಡಾಲ್ ಮಾತ್ರೆಯಲ್ಲಿರುವ 325 ಮೂರು ಸಲ, 975. ಒಟ್ಟು 4225 ಮಿಲಿಗ್ರಾಂ. ದೊಡ್ಡವರಿಗೆ 24 ಗಂಟೆಯಲ್ಲಿ ಮಿತಿ 4000. ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ, ದಿನಾ ಕುಡಿಯುವವರಿಗೆ ಮಿತಿ ಇದಕ್ಕಿಂತ ಕೆಳಗೆ.

ಫಾರ್ಮಸಿಸ್ಟ್ ಇನ್ನೊಂದು ಪ್ರಶ್ನೆ ಕೇಳಿದರು. "ಬಿಪಿಗೆ ಯಾವುದು ತಗೋತಿದ್ದೀರಿ ಸರ್?" ಹೇಳಿದೆ. ಟೆಲ್ಮಿಸಾರ್ಟನ್ ಥರದ ಮಾತ್ರೆ, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ಡೈಕ್ಲೋಫೆನಾಕ್ ಗುಂಪಿನದು, ಈ ಮೂರೂ ಸೇರಿದರೆ ಕಿಡ್ನಿಗೆ ಹೊಡೆತ ಬೀಳಬಹುದು. ಆಪರೇಷನ್ ಆದವರು ನೀರು ಕುಡಿಯುವುದೂ ಕಡಿಮೆ, ವಾಂತಿ ಬೇರೆ ಆಗಿರುತ್ತದೆ. ಅರಿವಳಿಕೆ ಡಾಕ್ಟರು ಅಂದು ಬರೆದುಕೊಂಡದ್ದು ಇದನ್ನೇ. ಆದರೆ ಆ ಟಿಪ್ಪಣಿ ಡಿಸ್ಚಾರ್ಜ್ ಕಾಗದದವರೆಗೆ ಬಂದಿರಲಿಲ್ಲ.

ಫಾರ್ಮಸಿಸ್ಟ್ ಫೋನ್ ಮಾಡಿದರು. ಆ ಕಡೆ ಎತ್ತುವವರಿಲ್ಲ. ಎತ್ತಿದವರಿಗೆ ವಿಷಯ ಗೊತ್ತಿಲ್ಲ. ನಾನು ಜೋತುಬಿದ್ದ ಕೈ ಹಿಡಿದುಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಸಿಟ್ಟು, ಸುಸ್ತು, ಅಳು ಎಲ್ಲ ಒಟ್ಟಿಗೆ ಬರುತ್ತಿತ್ತು. ಬ್ಲಾಕ್ ಇಳಿಯುವ ಹೊತ್ತಿಗೆ ಮನೆಯಲ್ಲಿ ಮಾತ್ರೆ ಇರಬೇಕು ಅನ್ನುವ ಆತಂಕ ಬೇರೆ. ಕೊನೆಗೂ ಡಾಕ್ಟರು ಸಿಕ್ಕರು. ಅಸಿಕ್ಲೋಫೆನಾಕ್ ಮಾತ್ರೆಗೆ ಕಾಟು ಹಾಕಿ, ಡೈಕ್ಲೋಫೆನಾಕ್ ಮೊದಲ ಕೆಲವು ದಿನ ಮಾತ್ರ ಎಂದು ತಿದ್ದಿ, ಡ್ರೆಸ್ಸಿಂಗ್‌ಗೆ ಬಂದಾಗ ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲು ಬರೆದರು. ಅವರ ಸಹಿ ಇರುವ ಹೊಸ ಚೀಟಿ ಕೈಗೆ ಬಂದ ಮೇಲೆಯೇ ನಾವು ಹೊರಟದ್ದು. ಈಗ ಪ್ಯಾರಸಿಟಮಾಲ್ ಜಾಸ್ತಿ ಅಂದರೆ 2600 ಮತ್ತು 975, ಒಟ್ಟು 3575.

ಆ ಫಾರ್ಮಸಿಸ್ಟ್‌ಗೆ ನಾನು ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ.

ನೀವು ಮಾಡಬೇಕಾದದ್ದು: ಡಿಸ್ಚಾರ್ಜ್ ಆಗುವಾಗ ಅಲ್ಲೇ ಕೂತು ಪ್ರತಿ ಮಾತ್ರೆಯ ಒಳಗೆ ಏನಿದೆ ಎಂದು ಬರೆಸಿಕೊಳ್ಳಿ. ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಒಂದೇ ಹೆಸರು ಎರಡು ಕಡೆ ಕಂಡರೆ ಕೇಳಿ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಕೆಟೊರೊಲ್ಯಾಕ್, ಎಟೊರಿಕೊಕ್ಸಿಬ್ ಇವುಗಳಲ್ಲಿ ಒಂದೇ ಇರಬೇಕು. ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರು ಡೈಕ್ಲೋಫೆನಾಕ್ ತೆಗೆದುಕೊಳ್ಳಬಾರದು ಎಂದು ಯುರೋಪಿನ ಔಷಧ ನಿಯಂತ್ರಕರು 2013ರಲ್ಲೇ ಎಚ್ಚರಿಸಿದ್ದಾರೆ. ಎಲ್ಲ ಬಿಲ್, ಚೀಟಿ, ಡಿಸ್ಚಾರ್ಜ್ ಸಮರಿಯ ಮೂಲ ಪ್ರತಿ ಒಂದೇ ಫೈಲಿನಲ್ಲಿಡಿ. ವಿಮೆಯವರು ಮನೆಗೆ ಬಂದ ಮೇಲಿನ ಔಷಧಿ ಖರ್ಚಿಗೆ ಚೀಟಿ ಮತ್ತು ಬಿಲ್ ಎರಡನ್ನೂ ಕೇಳಬಹುದು. ನರ್ವ್ ಬ್ಲಾಕ್ ಖರ್ಚು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರುತ್ತದೆಯೇ ಎಂದೂ ಮೊದಲೇ ಕೇಳಿಕೊಳ್ಳಿ.

ಇನ್ನು ಮೊದಲ ರಾತ್ರಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಬ್ಲಾಕ್ ಸಾಮಾನ್ಯವಾಗಿ 12ರಿಂದ 24 ಗಂಟೆ ಇರುತ್ತದೆ. ನೋವಿಲ್ಲ ಅಂತ ಆ ಹೊತ್ತು ಮಾತ್ರೆ ಬಿಟ್ಟವರಿಗೆ ಬ್ಲಾಕ್ ಇಳಿದಾಗ ನೋವು ಒಮ್ಮೆಲೇ ಎರಗುತ್ತದೆ. ಆಮೇಲೆ ಮಾತ್ರೆ ನುಂಗಿದರೆ ಅದು ಕರಗಿ ಕೆಲಸ ಶುರು ಮಾಡೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. "ನೋವು ಏರಿದ ಮೇಲೆ ಇಳಿಸೋದು ಕಷ್ಟ. ಏರೋಕೇ ಬಿಡಬೇಡಿ," ಎಂದು ಡಾಕ್ಟರು ಒತ್ತಿ ಹೇಳಿದ್ದರು. ಹಾಗಾಗಿ ಏನೂ ನೋವಿಲ್ಲದಿದ್ದರೂ ಸಂಜೆಯಿಂದಲೇ ಪ್ಯಾರಸಿಟಮಾಲ್, ಊಟ ಆದ ಮೇಲೆ ಡೈಕ್ಲೋಫೆನಾಕ್, ಮಲಗುವ ಮೊದಲು ಒಂದು ಟ್ರಮಡಾಲ್ ಮಾತ್ರೆ ತೆಗೆದುಕೊಂಡೆ. ಅಕ್ಕ ಒಂದು ಹಾಳೆಯಲ್ಲಿ ಗೆರೆ ಎಳೆದು ಮಾತ್ರೆಯ ಹೆಸರು, ಕೊಟ್ಟ ಸಮಯ ಬರೆಯತೊಡಗಿದಳು. ಮಂಪರಿನಲ್ಲಿ ತೆಗೆದುಕೊಂಡೆನೋ ಇಲ್ಲವೋ ಅನ್ನುವುದೇ ನೆನಪಿರುವುದಿಲ್ಲ. ಅದಕ್ಕೇ ಆ ಹಾಳೆ ಬೇಕೇ ಬೇಕು.

ಬೆಳಗಿನ ಜಾವ ಬೆರಳ ತುದಿಯಲ್ಲಿ ಜುಮ್ಮೆನ್ನತೊಡಗಿತು. ಬ್ಲಾಕ್ ಇಳಿಯುವ ಮೊದಲ ಗುರುತು ಅದು. ಸ್ವಲ್ಪ ಹೊತ್ತಿಗೆ ಭುಜದೊಳಗಿಂದ ಕೊರೆಯುವಂಥ ನೋವು. ಮಾತ್ರೆ ತೆಗೆದುಕೊಂಡಿದ್ದರೂ ಅದು ಏಳಕ್ಕೆ ಹೋಯಿತು. ಮಾತ್ರೆ ಇಲ್ಲದಿದ್ದರೆ ಎಲ್ಲಿಗೆ ಹೋಗುತ್ತಿತ್ತೋ ಯೋಚಿಸಲೂ ಭಯ. ನಾಲ್ಕು ದಿಂಬು ಒರಗಿಸಿಕೊಂಡು ಅರ್ಧ ಕೂತಂತೆ ಮಲಗಿದ್ದೆ. ಅಕ್ಕ ಎದ್ದು ಬಂದು, "ಏನೋ, ಎದ್ದಿದ್ದೀಯಾ? ಕರೀಬಾರದಿತ್ತಾ?" ಅಂದಳು. ಹಾಳೆ ನೋಡಿದಳು. ಪ್ಯಾರಸಿಟಮಾಲ್‌ಗೆ ಸಮಯವಾಗಿತ್ತು. ಕೊಟ್ಟಳು. ಟ್ರಮಡಾಲ್‌ಗೂ ಅಂತರ ಮುಗಿದಿತ್ತು, ಅದನ್ನೂ ಕೊಟ್ಟಳು. ಭುಜಕ್ಕೆ ಬಟ್ಟೆ ಸುತ್ತಿದ ಐಸ್ ಚೀಲ ಇಟ್ಟಳು. ಮರಗಟ್ಟಿರುವಾಗ ಐಸ್ ಸುಟ್ಟರೂ ಗೊತ್ತಾಗುವುದಿಲ್ಲ, ಆದ್ದರಿಂದ 15ರಿಂದ 20 ನಿಮಿಷಕ್ಕಿಂತ ಹೆಚ್ಚು ಇಡಬಾರದು. ಗಡಿಯಾರ ನೋಡುತ್ತಾ ಕೂತಿದ್ದ ಆ ಒಂದು ಗಂಟೆ ಇಡೀ ಚಿಕಿತ್ಸೆಯಲ್ಲೇ ಅತಿ ಉದ್ದದ್ದು. ಬೆಳಕು ಹರಿಯುವ ಹೊತ್ತಿಗೆ ನೋವು ನಾಲ್ಕಕ್ಕೆ ಇಳಿದಿತ್ತು. ನಿದ್ದೆ ಬಂತು.

ಮಾತ್ರೆಗಳನ್ನು ಒಟ್ಟಿಗೆ ನುಂಗಬೇಕೋ, ಬಿಟ್ಟು ಬಿಟ್ಟು ನುಂಗಬೇಕೋ ಎಂದು ತುಂಬ ಜನ ಕೇಳುತ್ತಾರೆ. ಪ್ಯಾರಸಿಟಮಾಲ್ ಮತ್ತು ಐಬುಪ್ರೊಫೆನ್ ಥರದ್ದು ಒಟ್ಟಿಗೆ ತೆಗೆದುಕೊಂಡರೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಕೆಲವರು ಮೂರು ಗಂಟೆ ಬಿಟ್ಟು ಒಂದಾದ ಮೇಲೊಂದು ತೆಗೆದುಕೊಳ್ಳುತ್ತಾರೆ. ಒಂದರ ಬಲ ಇಳಿಯುವಾಗ ಇನ್ನೊಂದು ಏರಿರುತ್ತದೆ ಎಂಬುದು ಅದರ ಅನುಕೂಲ. ಎರಡೂ ಸರಿಯೇ. ಆದರೆ ಪ್ರತಿ ಮಾತ್ರೆಗೂ ಅದರದೇ ಅಂತರ ಇರುತ್ತದೆ. ಪ್ಯಾರಸಿಟಮಾಲ್‌ಗೆ ಕನಿಷ್ಠ ನಾಲ್ಕು ಗಂಟೆ, ಸಾಮಾನ್ಯವಾಗಿ ಆರು. ನನಗೆ ಅಂತರ ಇಟ್ಟು ತೆಗೆದುಕೊಳ್ಳುವುದು ಹಗಲಲ್ಲಿ ಚೆನ್ನಾಗಿ ಹೊಂದಿತು. ರಾತ್ರಿ ಮಾತ್ರ ಒಟ್ಟಿಗೆ, ಇಲ್ಲದಿದ್ದರೆ ಪದೇ ಪದೇ ಏಳಬೇಕಾಗುತ್ತದೆ. ಮೊದಲ ಕೆಲವು ದಿನ ನೋವು ಬರಲಿ ಬಿಡಲಿ, ಪ್ಯಾರಸಿಟಮಾಲ್ ಗಡಿಯಾರ ನೋಡಿಯೇ ತೆಗೆದುಕೊಂಡೆ. ಡೈಕ್ಲೋಫೆನಾಕ್ ಊಟದ ಮೇಲೆ. ಹೊಟ್ಟೆ ಕಾಪಾಡೋಕೆ ಬೆಳಗ್ಗೆ ತಿಂಡಿಗೆ ಮೊದಲು ಪ್ಯಾಂಟೊಪ್ರಜೋಲ್. ಟ್ರಮಡಾಲ್ ಮಾತ್ರ ಬೇಕಾದಾಗ.

ಟ್ರಮಡಾಲ್ ನನಗೆ ನೋವು ಇಳಿಸಿದ್ದು ನಿಜ, ಆದರೆ ಅದರ ಜೊತೆ ಬಂದದ್ದೂ ಕಡಿಮೆಯಿರಲಿಲ್ಲ. ವಾಕರಿಕೆ, ಎದ್ದರೆ ತಲೆಸುತ್ತು. ಮಂಚದಿಂದ ಎದ್ದವನು ಗೋಡೆ ಹಿಡಿದು ನಿಲ್ಲುತ್ತಿದ್ದೆ. ಒಂದೇ ಕೈ ಇರುವಾಗ ಬಿದ್ದರೆ ಹೊಲಿಗೆಯ ಗತಿ ಏನು ಅಂತ ಅಕ್ಕ ಬಚ್ಚಲಿನವರೆಗೂ ಹಿಂದೆಯೇ ಬರುತ್ತಿದ್ದಳು. ಮಲಬದ್ಧತೆಯ ಬಗ್ಗೆ ಯಾರೂ ಬಾಯಿ ಬಿಟ್ಟು ಮಾತಾಡುವುದಿಲ್ಲ. ಆದರೆ ಅದು ಭುಜದ ನೋವಿನಷ್ಟೇ ಕಾಡಿಸಬಲ್ಲದು. ಓಪಿಯಾಯ್ಡ್ ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ. ಅದಕ್ಕೇ ಮೊದಲ ಟ್ರಮಡಾಲ್ ಜೊತೆಗೇ ಹೊಟ್ಟೆ ಸಡಿಲ ಮಾಡುವ ಔಷಧಿ ಶುರುವಾಗಬೇಕು. ನನಗೆ ಲ್ಯಾಕ್ಟುಲೋಸ್ ಕೊಟ್ಟಿದ್ದರು. ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಮಧ್ಯೆ ಗಂಟಲು ಕೆರೆತ ಶುರುವಾಯಿತು. ಅರಿವಳಿಕೆ ಕೊಡುವಾಗ ಗಂಟಲೊಳಗೆ ಟ್ಯೂಬ್ ಹಾಕಿರುತ್ತಾರಲ್ಲ, ಅದರಿಂದ. ಅಕ್ಕ ನೆಗಡಿಯ ಮಾತ್ರೆ ತಂದಳು. ಅಷ್ಟರಲ್ಲಿ ನಮಗಿಬ್ಬರಿಗೂ ಹಿಂಭಾಗ ಓದುವ ಅಭ್ಯಾಸ ಆಗಿಬಿಟ್ಟಿತ್ತು. ಒಳಗೆ ಪ್ಯಾರಸಿಟಮಾಲ್ 500. ಟ್ರಮಡಾಲ್ ಮೂರೂ ತೆಗೆದುಕೊಂಡ ದಿನ ಇದನ್ನು ಒಂದು ನುಂಗಿದರೂ 4075 ಆಗುತ್ತಿತ್ತು. ಉಪ್ಪುನೀರು ಮುಕ್ಕಳಿಸಿದೆ, ಎರಡು ದಿನಕ್ಕೆ ಹೋಯಿತು. ಪ್ಯಾರಸಿಟಮಾಲ್ ಸೌಮ್ಯವಾದ ಔಷಧಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಮಿತಿಯೊಳಗೆ ಅದು ಹೌದು. ಮಿತಿ ದಾಟಿದರೆ ಲಿವರ್ ಹಾಳಾಗುತ್ತದೆ, ಅದೂ ಮೊದಲ ದಿನ ಏನೂ ಗೊತ್ತಾಗದಂತೆ. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ. ಒಂದೇ ಸಲ ಜಾಸ್ತಿ ನುಂಗಿದ್ದರೆ ಎಂಟು ಗಂಟೆಯೊಳಗೆ ಕೊಟ್ಟಾಗ ಅದು ಅತಿ ಚೆನ್ನಾಗಿ ಕೆಲಸ ಮಾಡುತ್ತದೆ. ಲೆಕ್ಕ ತಪ್ಪಿದೆ ಅನ್ನಿಸಿದರೆ ಲಕ್ಷಣ ಬರಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಬೇಕು.

ನಿದ್ದೆಗೆಟ್ಟು ಒದ್ದಾಡುವುದನ್ನು ನೋಡಲಾರದೆ ಪರಿಚಯದವರೊಬ್ಬರು ತಮ್ಮ ನಿದ್ದೆ ಮಾತ್ರೆ ಕೊಡಲು ಬಂದರು. ಫೋನ್ ಮಾಡಿ ಕೇಳಿದಾಗ ಡಾಕ್ಟರು ಬಿಲ್‌ಕುಲ್ ಬೇಡ ಅಂದರು. ಟ್ರಮಡಾಲ್ ಥರದ ಓಪಿಯಾಯ್ಡ್ ಮತ್ತು ನಿದ್ದೆ ಮಾತ್ರೆ ಎರಡೂ ಉಸಿರಾಟವನ್ನು ನಿಧಾನ ಮಾಡುತ್ತವೆ. ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಮದ್ಯವೂ ಅಷ್ಟೇ. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಕೂಡ ಓಪಿಯಾಯ್ಡ್ ಜೊತೆ ಮಂಪರು ಹೆಚ್ಚಿಸುತ್ತವೆ. ಡಾಕ್ಟರೇ ಬರೆದಿದ್ದರೆ ಮಾತ್ರ ಅವರು ಹೇಳಿದ ಡೋಸ್‌ನಲ್ಲಿ ತೆಗೆದುಕೊಳ್ಳಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಓಪಿಯಾಯ್ಡ್ ಮತ್ತು ಬೆಂಜೋಡಯಾಜೆಪೀನ್ (ನಿದ್ದೆಗೆ, ಆತಂಕಕ್ಕೆ ಕೊಡುವ ಒಂದು ಗುಂಪಿನ ಮಾತ್ರೆಗಳು) ಜೋಡಿಯ ಬಗ್ಗೆ ತನ್ನ ಅತಿ ಗಟ್ಟಿ ಎಚ್ಚರಿಕೆಯನ್ನೇ ಹಾಕಿಸಿತು. ನೋಡಿಕೊಳ್ಳುವವರಿಗೆ ಒಂದು ಮಾತು: ಅಲುಗಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ತುಟಿ ನೀಲಿಯಾದರೆ ಅದು ಗಾಢ ನಿದ್ದೆ ಅಂತ ಬಿಡಬೇಡಿ. ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ. ನಲಾಕ್ಸೋನ್ ಎಂಬ ಮದ್ದು ಅದನ್ನು ಹಿಂದಕ್ಕೆ ತರಬಲ್ಲದು, ಆದರೆ ಸಮಯಕ್ಕೆ ಸಿಗಬೇಕು.

ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ಟ್ರಮಡಾಲ್ ಬಗ್ಗೆ ವಿಶೇಷವಾಗಿ ಕೇಳಬೇಕು. ಎರಡೂ ಸೇರಿ ಮೆದುಳಿನ ಸೆರೊಟೋನಿನ್ ಎಂಬ ರಾಸಾಯನಿಕ ಅತಿಯಾಗಿ, ನಡುಕ, ಬೆವರು, ಎದೆಬಡಿತ, ಗೊಂದಲ ಬರಬಹುದು. ಫಿಟ್ಸ್ ಇರುವವರಿಗೂ ಅದು ಒಳ್ಳೆಯದಲ್ಲ. ಇನ್ನು ಮಕ್ಕಳಿಗೆ ದೊಡ್ಡವರ ಮಾತ್ರೆ ಮುರಿದು ಕೊಡುವುದಂತೂ ಬೇಡವೇ ಬೇಡ. 12 ವರ್ಷದೊಳಗಿನವರಿಗೆ ಕೊಡೀನ್, ಟ್ರಮಡಾಲ್ ಕೂಡದು ಎಂದು ಎಫ್‌ಡಿಎ 2017ರಲ್ಲಿ ಹೇಳಿದೆ. ಕೆಲವರ ಲಿವರ್ ಇವನ್ನು ತುಂಬ ಬೇಗ ಬಲವಾದ ರೂಪಕ್ಕೆ ಬದಲಿಸಿಬಿಡುತ್ತದೆ. ಇನ್ನು ಕೆಲವರಲ್ಲಿ ಬದಲಾಗುವುದೇ ಇಲ್ಲ, ಅವರಿಗೆ ಮಾತ್ರೆ ತಗಲುವುದೇ ಇಲ್ಲ. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದದಿರುವುದಕ್ಕೆ ಇದೂ ಒಂದು ಕಾರಣ.

ಡ್ರೆಸ್ಸಿಂಗ್‌ಗೆ ಹೋದಾಗ ಕ್ರಿಯಾಟಿನಿನ್ ಸರಿಯಾಗಿತ್ತು, ಬಿಪಿ ಮಾತ್ರ ಸ್ವಲ್ಪ ಏರಿತ್ತು. ಡೈಕ್ಲೋಫೆನಾಕ್ ಅಲ್ಲಿಗೇ ನಿಲ್ಲಿಸಿದರು. ಹೊಲಿದ ನಾರು ಮೂಳೆಗೆ ಕೂಡಿಕೊಳ್ಳುವ ಹೊತ್ತಿನಲ್ಲಿ ಈ ಗುಂಪಿನ ಮಾತ್ರೆ ಹೆಚ್ಚು ದಿನ ಬೇಡ ಎನ್ನುವ ಸರ್ಜನ್‌ಗಳೂ ಇದ್ದಾರೆ, ನನ್ನವರೂ ಅದೇ ಅಭಿಪ್ರಾಯದವರು. ಅವರು ಹೇಳಿದ ಇನ್ನೊಂದು ವಿಷಯ ನನಗೆ ಹೊಸದು. ಪ್ಯಾರಸಿಟಮಾಲ್ ಜ್ವರವನ್ನೂ ಇಳಿಸುತ್ತದಲ್ಲ, ಹಾಗಾಗಿ ಗಾಯಕ್ಕೆ ಸೋಂಕು ತಗಲಿ ಜ್ವರ ಬಂದರೂ ಮರೆಯಾಗಬಹುದು. ಮುಂದಿನ ಡೋಸ್‌ಗೆ ಸ್ವಲ್ಪ ಮೊದಲು ಜ್ವರ ನೋಡಿಕೊಳ್ಳುವುದು ಒಳ್ಳೆಯದು. ಇಳಿಯುತ್ತಾ ಬಂದ ನೋವು ಮತ್ತೆ ಏರಿದರೆ, ಗಾಯ ಕೆಂಪಾಗಿ ಕೀವು ಬಂದರೆ, ಮೀನಖಂಡ ಊದಿ ನೋಯತೊಡಗಿದರೆ ಇನ್ನೊಂದು ಮಾತ್ರೆ ನುಂಗಿ ಸುಮ್ಮನಾಗಬಾರದು. ಕಪ್ಪು ಮಲ ಹೋದರೆ ಹೊಟ್ಟೆಯಲ್ಲಿ ರಕ್ತಸ್ರಾವ ಇರಬಹುದು.

ಡೈಕ್ಲೋಫೆನಾಕ್ ನಿಂತ ಮೇಲೆ ರಾತ್ರಿಗಳು ಮತ್ತೆ ಭಾರವಾದವು. ಅದೇ ಹೊತ್ತಿಗೆ ವಾರದ ಕೊನೆಯಲ್ಲಿ ಟ್ರಮಡಾಲ್ ಮುಗಿಯುತ್ತಾ ಬಂತು. ಅಂಗಡಿಯಲ್ಲಿ ಹೊಸ ಚೀಟಿ ಇಲ್ಲದೆ ಕೊಡುವುದಿಲ್ಲ ಅಂದರು. ಡಾಕ್ಟರು ಸೋಮವಾರವೇ ಸಿಗುವುದು. ಉಳಿದಿದ್ದನ್ನು ರಾತ್ರಿಗೆ ಮಾತ್ರ ಎಂದು ಎತ್ತಿಟ್ಟೆವು. ಹಗಲು ಪ್ಯಾರಸಿಟಮಾಲ್, ಐಸ್, ಮೊಣಕೈ ಕೆಳಗೆ ದಿಂಬು. ಅಷ್ಟರಲ್ಲೇ ಕಳೆಯಿತು. ಸೋಮವಾರ ಡಾಕ್ಟರು ಚಿಕ್ಕ ಚೀಟಿ ಬರೆದುಕೊಟ್ಟರು, ಅದರಲ್ಲಿ ಅರ್ಧ ಮಾತ್ರ ಬೇಕಾಯಿತು. ಚೀಟಿ ಮುಗಿಯುವ ಮೊದಲೇ, ಕೆಲಸದ ದಿನದಲ್ಲೇ ಕೇಳಿಟ್ಟುಕೊಳ್ಳಿ.

ನಿಲ್ಲಿಸುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲು ಓಪಿಯಾಯ್ಡ್, ಆಮೇಲೆ ಡೈಕ್ಲೋಫೆನಾಕ್ ಗುಂಪಿನದು, ಕೊನೆಗೆ ಪ್ಯಾರಸಿಟಮಾಲ್. ನನಗೆ ಕಿಡ್ನಿ ಮತ್ತು ಬಿಪಿ ಕಾರಣಕ್ಕೆ ಮೊದಲೆರಡು ಅದಲು ಬದಲಾದವು. ಟ್ರಮಡಾಲನ್ನು ಹಗಲಿನದು ಮೊದಲು ಬಿಟ್ಟೆ, ರಾತ್ರಿಯದು ಆಮೇಲೆ. ಕೆಲವು ವಾರ ದಿನಾ ತೆಗೆದುಕೊಂಡವರು ಒಮ್ಮೆಗೇ ನಿಲ್ಲಿಸಿದರೆ ಬೆವರು, ಚಡಪಡಿಕೆ, ನಿದ್ದೆಗೇಡು ಬರಬಹುದು. ಡಾಕ್ಟರ ಸಲಹೆಯಂತೆ ಇಳಿಸುತ್ತಾ ಹೋಗಬೇಕು. ಟ್ರಮಡಾಲ್ ತೆಗೆದುಕೊಳ್ಳುವಷ್ಟು ದಿನ ಗಾಡಿ ಓಡಿಸಬಾರದು.

ಉಳಿದ ಟ್ರಮಡಾಲ್ ಮಾತ್ರೆಗಳನ್ನು ಔಷಧಿ ಅಂಗಡಿಗೆ ಹಿಂತಿರುಗಿಸಿದೆವು. ಮುಂದೆ ಯಾರಿಗಾದರೂ ಬೇಕಾದೀತು ಅಂತ ಇಟ್ಟುಕೊಳ್ಳುವ ವಸ್ತು ಅದಲ್ಲ. ಈಗ ಫಿಸಿಯೋಥೆರಪಿ ನಡೆಯುತ್ತಿದೆ. ಕೈ ಎತ್ತಿಸುವ ದಿನ ನೋವು ಇದ್ದೇ ಇರುತ್ತದೆ. ಹೊರಡುವ ಸುಮಾರು ಮುಕ್ಕಾಲು ಗಂಟೆ ಮೊದಲು ಒಂದು ಪ್ಯಾರಸಿಟಮಾಲ್ ತೆಗೆದುಕೊಳ್ಳುತ್ತೇನೆ, ಬಂದ ಮೇಲೆ ಐಸ್ ಇಡುತ್ತೇನೆ. ಉಳಿದ ದಿನ ಮಾತ್ರೆ ಬೇಕಾಗುತ್ತಿಲ್ಲ.